ಅಪ್ಪನ ಹಿತ್ತಾಳೆ ಮೀನು

ನಾನು ಚಿಕ್ಕವಳಿದ್ದಾಗ ನಮ್ಮ ಆನೆಗೊಂದಿಯಲ್ಲಿ ಯಾರಾದರೂ ಹಾಡಹಗಲೇ ಬಾಗಿಲು ಹಾಕಿಕೊಂಡರೆ ಸಾಕು, ಅವರಿಗೆ ನಿಧಿ ಸಿಕ್ಕಿದೆ ಎಂದು ಊರಿಗೆ ಊರೇ ಕಿವಿ ನಿಮಿರಿಸುತ್ತಿತ್ತು. ರಾಜರು ಬಿಟ್ಟುಹೋದ ಬಂಗಾರ ಬಂಡೆಗಳ ಕೆಳಗೆ ಇನ್ನೂ ಇದೆ ಎಂದು ಎಲ್ಲರೂ ನಂಬಿದ್ದರು. ಅಷ್ಟೇನೂ ಹಳೆಯ ಕಾಲವಲ್ಲ, ಕೊಪ್ಪಳ ಜಿಲ್ಲೆಯಾಗುವುದಕ್ಕೆ ಕೆಲವೇ ವರ್ಷ ಮೊದಲು. ನನ್ನ ತಲೆಯೂ ಪೂರ್ತಿ ನೆರೆತಿಲ್ಲ. ನೀವು ನನ್ನ ಅಕ್ಕನ ಮೊಮ್ಮಕ್ಕಳಾದ್ದರಿಂದ ನಾನೂ ಅಜ್ಜಿಯಾದೆ, ಅಷ್ಟೇ.

ಅಪ್ಪ ಬಾಳೆತೋಟದ ಕೆಲಸ ಮುಗಿಸಿ ಹೊಳೆಗೆ ಗಾಳ ಹಾಕಲು ಹೋಗುತ್ತಿದ್ದ. ಗಾಳದ ಜೊತೆ ಬೆರಳುದ್ದದ ಲೋಹದ ಮೀನೊಂದನ್ನು ಕಟ್ಟುತ್ತಿದ್ದ. ಭಾರಕ್ಕೆ ಅದು ತಳಕ್ಕಿಳಿಯುತ್ತಿತ್ತು, ದಾರ ಜಗ್ಗಿದರೆ ಕುಣಿಯುತ್ತಿತ್ತು. ಸಣ್ಣ ಮೀನೇ ಇರಬೇಕೆಂದು ದೊಡ್ಡ ಬಾಳೆಮೀನು ಬಾಯಿ ಹಾಕುತ್ತಿತ್ತು. ಮೊದಲು ಅದನ್ನು ಹಳೇ ಬ್ಯಾಟರಿಯ ಸೀಸ ಕರಗಿಸಿ ಮಾಡುತ್ತಿದ್ದ. ಅಂಗಳದಲ್ಲಿ ಬಿದ್ದ ಸೀಸದ ಚೂರು ತಿಂದು ನಮ್ಮ ಎರಡು ಕೋಳಿಗಳು ಕತ್ತು ಜೋತುಬಿದ್ದು ಸತ್ತವು. ಅಕ್ಕ ಸಿಟ್ಟಿಗೆದ್ದು, "ಇನ್ನ ಆ ಸೀಸ ಮನ್ಯಾಗ ತರಬ್ಯಾಡ ನೋಡು" ಎಂದಳು.

ಆಮೇಲೆ ಅಪ್ಪ ಕೆಟ್ಟುಹೋದ ಪಂಪಿನೊಳಗಿನ ಬುಷ್ ಎಂಬ ದಪ್ಪ ಹಿತ್ತಾಳೆ ಕೊಳವೆಯ ತುಂಡು ತಂದ. ಒಂದು ಬೇಸಿಗೆಯ ದಿನ, ಉಳಿದ ಕೋಳಿಗಳು ಪುಡಿಗೆ ಬಾಯಿ ಹಾಕದಿರಲಿ ಎಂದು ಬಾಗಿಲು ಹಾಕಿ, ಅದನ್ನು ಅರದಿಂದ ಉಜ್ಜಿ ಮೀನು ಮಾಡತೊಡಗಿದ. ಕರ್ ಕರ್ ಸದ್ದಿಗೆ ನನ್ನ ಹಲ್ಲು ಜುಮ್ಮೆನ್ನುತ್ತಿತ್ತು. ಬೆಳಕಿಂಡಿಯ ಬಿಸಿಲಲ್ಲಿ ಹಳದಿ ಪುಡಿ ಝಗಝಗ ಹೊಳೆಯುತ್ತಿತ್ತು. ಇದು ಬರೀ ಹಿತ್ತಾಳೆಯೇ ಹೌದೋ ಅಲ್ಲವೋ ಎಂದು ನನಗೂ ಒಳಗೊಳಗೇ ಅನುಮಾನ.

ನಾನು ಪುಡಿ ಮೆತ್ತಿದ ಕೈ ತೊಳೆಯಲು ಹೊರಗೆ ಬಂದಾಗ ಪಕ್ಕದ ಮನೆಯಾಕೆ ಗಬಕ್ಕನೆ ಮುಂಗೈ ಹಿಡಿದಳು.

"ಅಯ್ಯ, ಏನಬೇ ಇದು, ಬಂಗಾರದಂಗ ಹೊಳಿತೈತಿ!"

ಊಟದ ಹೊತ್ತಿಗೆ ಅಂಗಳ ತುಂಬ ಜನ. ಊರ ಹಿರಿಯರೊಬ್ಬರು ಮುಂದೆ ನಿಂತು, "ಎಲ್ಲಿ ಸಿಕ್ತು, ಖರೇ ಹೇಳು" ಎಂದರು.

"ಹಿತ್ತಾಳಿ ಐತ್ರಿ, ಗಾಳಕ್ಕ" ಎಂದ ಅಪ್ಪ.

"ಹಿತ್ತಾಳಿ ಆದ್ರ ಬಾಗಲಾ ಯಾಕ ಹಾಕೀದಿ?"

"ಕೋಳಿ ತಿಂತಾವ್ರಿ."

ಎಲ್ಲರೂ ಗೊಳ್ಳೆಂದು ನಕ್ಕರು. ಒಬ್ಬ, "ಪೊಲೀಸರಿಗೆ ಹೇಳೂಣ್ರಿ, ಅವ್ರ ಬಾಯಿ ಬಿಡಸ್ತಾರ" ಎಂದ. ನಿಧಿ ಅಗೆದವರನ್ನು ಪೊಲೀಸರು ಎಳೆದೊಯ್ಯುತ್ತಾರೆಂದು ನನಗೆ ಗೊತ್ತಿತ್ತು. ಅಪ್ಪನನ್ನು ಒಯ್ದರೆ ಏನು ಗತಿ ಎಂದು ಅವನ ಅಂಗಿ ಹಿಡಿದುಕೊಂಡೆ.

ಆಗ ಅಕ್ಕ ಒಂದು ಬಟ್ಟಲಲ್ಲಿ ಉಪ್ಪು ಬೆರೆಸಿದ ಹುಳಿ ಮಜ್ಜಿಗೆ ತಂದು, ಎಲ್ಲರೆದುರು ಒಂದು ಹಿಡಿ ಪುಡಿಯನ್ನು ಅದಕ್ಕೆ ಸುರಿದಳು.

"ಹಿತ್ತಾಳಿ ಆದ್ರ ಹಸರ ಕಿಲುಬು ಏಳತೈತಿ. ಬಂಗಾರ ಇದ್ರ ಹಂಗ ಇರತೈತಿ. ಕುಂತು ನೋಡ್ರಿ."

ಕುಳಿತರು. ಬಿಸಿಲಿಗೆ ಬಂಡೆಗಳು ಕಾದು ಹೊಳೆಯ ಗಾಳಿಯೂ ಬಿಸಿಯಾಯಿತು. ಎದ್ದುಹೋದರೆ ಇನ್ನೊಬ್ಬ ಬಟ್ಟಲು ಬದಲಿಸಿಬಿಟ್ಟಾನು ಎಂದು ಒಬ್ಬರೂ ಮನೆಗೆ ಹೋಗಲಿಲ್ಲ. ನಾನಂತೂ ಕಣ್ಣು ಮಿಟುಕಿಸಲಿಲ್ಲ. ಸಂಜೆಯಾಗುವಾಗ ಬಟ್ಟಲ ಅಂಚಿನಲ್ಲಿ ತೆಳ್ಳಗೆ ಹಸಿರು ಕಂಡಿತು, ಹೊತ್ತು ಮುಳುಗುವಷ್ಟರಲ್ಲಿ ಗಾಢವಾಯಿತು. ನಾನು ಅಳುತ್ತಲೇ ಓಡಿ ಅಪ್ಪನನ್ನು ತಬ್ಬಿಕೊಂಡೆ.

ಹಿರಿಯರು ಬಟ್ಟಲನ್ನು ಮೂಸಿ ಎದ್ದರು. "ಇದೇನೋ ಹಿತ್ತಾಳಿನ. ಬಂಗಾರ ಒಳಗ ಇಟ್ಟು ನಮಗ ಇದನ್ನ ತೋರಿಸ್ಯಾನ" ಎನ್ನುತ್ತ ಹೊರಟರು. ಪೊಲೀಸರ ಮಾತು ಅಲ್ಲಿಗೇ ಬಿದ್ದುಹೋಯಿತು, ಅನುಮಾನ ಮಾತ್ರ ಬೀಳಲಿಲ್ಲ. ಅಪ್ಪ ಅರಕ್ಕೆ ಮೆತ್ತಿದ ಪುಡಿ ಒರೆಸುತ್ತ ಕೂತ. "ಸಣ್ಣಾಂವಿದ್ದಾಗಿಂದ ಇವರ ಜೋಡಿ ಉಂಡು ಬೆಳದೀನಿ" ಎಂದಷ್ಟೇ ಹೇಳಿದ. ಅವನ ದನಿ ಕೇಳಿ ನನಗೆ ಬಹಳ ಸಂಕಟವಾಯಿತು.

ಮಕ್ಕಳೇ, ಮೊನ್ನೆ ನೀವು ಫೋನಿನಲ್ಲಿ ತರಿಸಿದ ಹೊಳೆಯುವ ಗಾಳದ ಮೀನು ನೋಡಿದೆ. ಇದರಲ್ಲಿ ಸೀಸ ಇಲ್ಲ ಎಂದು ಡಬ್ಬಿಯ ಮೇಲೆ ಬರೆದಿದೆ ಅಂದಿರಿ. ಬರೆದವರು ಯಾರು ಎಂದು ಕೇಳಿದರೆ ನಕ್ಕಿರಿ. ಅಪ್ಪನನ್ನು ಹುಟ್ಟಿದಾಗಿನಿಂದ ಬಲ್ಲವರು ಕಣ್ಣಾರೆ ನೋಡಿಯೂ ಅವನ ಮಾತು ನಂಬಲಿಲ್ಲ. ನೀವು ಮುಖವನ್ನೇ ಕಾಣದವರ ಮಾತನ್ನು ಕಣ್ಣು ಮುಚ್ಚಿ ನಂಬುತ್ತೀರಿ. ಎಲ್ಲಿ, ಆ ಡಬ್ಬಿ ಇತ್ತ ಕೊಡಿ ನೋಡೋಣ.