ಚಿನ್ನದ ಗಣಿಯಿಂದ ಮರಳಿದ ದೊಡ್ಡಪ್ಪ

ನನ್ನ ದೊಡ್ಡಪ್ಪನ ಎಡಗೆನ್ನೆಯ ಚರ್ಮದೊಳಗೆ ಸಾಸಿವೆ ಗಾತ್ರದ ನೀಲಿ ಕಲೆಗಳಿದ್ದವು. ಚಿನ್ನದ ಗಣಿಯಲ್ಲಿ ಬಂಡೆ ಸಿಡಿದಾಗ ಹೊಕ್ಕು ಉಳಿದ ಕಲ್ಲಿನ ಚೂರುಗಳು ಅವು. ಗಡಿಯಾಚೆಯ ಆ ಗಣಿಯಲ್ಲಿ ಇಪ್ಪತ್ತೆರಡು ವರ್ಷ ಬಂಡೆ ಕೊರೆದು, ಅದರ ದೂಳು ಕುಡಿದವರು. ಅದಿರಿನಲ್ಲಿ ಚಿನ್ನ ಕಡಿಮೆಯಾಗಿ, ಆಳುಗಳನ್ನು ಮನೆಗೆ ಕಳಿಸತೊಡಗಿದಾಗ, ತೊಂಬತ್ತರ ದಶಕದ ಮೊದಲಲ್ಲಿ ತಮಿಳು ಸೀಮೆಯಲ್ಲಿ ಕಂಬೈನಲ್ಲೂರಿನ ಪಕ್ಕದ ನಮ್ಮೂರಿಗೆ ಬಂದರು. ಬೀಡಿ ಮುಟ್ಟಿದವರಲ್ಲ. ಆದರೂ ನಾಲ್ಕು ಮಾತಿಗೊಮ್ಮೆ ನಿಂತು ಉಸಿರೆಳೆದುಕೊಳ್ಳಬೇಕಿತ್ತು. ಯಾರ ಮನೆಗೆ ಹೋದರೂ ಮೊದಲು ಸೂರಿನತ್ತ ಕಣ್ಣಾಡಿಸಿಯೇ ಕೂರುತ್ತಿದ್ದರು.

ಒಂದು ಬೇಸಿಗೆಯಲ್ಲಿ ನಮ್ಮ ಬಾವಿಯನ್ನು ಇನ್ನಷ್ಟು ಆಳ ಮಾಡುತ್ತಿದ್ದೆವು. ಸಿಡಿಮದ್ದು ಹೊಡೆದಾದ ಮೇಲೆ ಅಪ್ಪ, ಇಬ್ಬರು ಆಳುಗಳು ಕೆಳಗಿಳಿದು ಬುಟ್ಟಿಗೆ ಕಲ್ಲು ತುಂಬುತ್ತಿದ್ದರು. ದೊಡ್ಡಪ್ಪ ಮೆಟ್ಟಿಲಿನ ಅರ್ಧಕ್ಕೆ ಇಳಿದು, ಹಾರೆಯಿಂದ ಗೋಡೆಯನ್ನು ಎರಡು ಸಲ ತಟ್ಟಿ ಕಿವಿಗೊಟ್ಟರು.

"ಸೀಕ್ರಂ ಮ್ಯಾಕ್ ಬನ್ರಲಾ!"

"ಇನ್ನೊಂದು ಬುಟ್ಟಿ ಐತಣ್ಣಾ," ಎಂದರು ಅಪ್ಪ.

"ಬುಟ್ಟಿ ಅಲ್ಲೇ ಬುಡ್ಲಾ! ಕಲ್ಲು ಸಡ್ಲಾಗೈತೆ!"

ದೊಡ್ಡಪ್ಪ, ಆಳುಗಳ ಹಿಂದೆ ಅಪ್ಪ ಗೊಣಗುತ್ತಲೇ ಹತ್ತಿ ಬಂದರು. ಕೈಯ ಮಣ್ಣು ಕೊಡವುವಷ್ಟರಲ್ಲಿ ಮೂಡಣ ಗೋಡೆ ಕುಸಿದು, ಬುಟ್ಟಿ ಹಾರೆಗಳನ್ನೆಲ್ಲ ಮುಚ್ಚಿಹಾಕಿತು. ದೊಡ್ಡಪ್ಪನಿಗೆ ಉಸಿರು ಹದಕ್ಕೆ ಬರಲು ಬಹಳ ಹೊತ್ತು ಹಿಡಿಯಿತು.

ಮರುವರ್ಷ ಧರ್ಮಪುರಿಯ ಕಾಲೇಜಿನಲ್ಲಿ, ಬೆಳೆಯುವ ದೇಶಕ್ಕೆ ಚಿನ್ನದ ಗಣಿಯಿಂದೇನು ಎಂದು ನಾನೊಂದು ಪ್ರಬಂಧ ಬರೆಯಬೇಕಿತ್ತು. ತಮಿಳಿನಲ್ಲಿ ಬರೆದು ದೊಡ್ಡಪ್ಪನಿಗೆ ಕನ್ನಡದಲ್ಲಿ ಹೇಳಿದೆ. ಚಿನ್ನವಿದ್ದರೆ ಹೊರದೇಶಗಳು ನಮ್ಮನ್ನು ನಂಬುತ್ತವೆ, ಗಣಿ ಬಂದಲ್ಲಿ ರೈಲು, ಕರೆಂಟು, ಆಸ್ಪತ್ರೆ ಬರುತ್ತವೆ, ನಷ್ಟವಾದರೆ ಮುಚ್ಚುವುದೇ ಸರಿ.

"ಎಲ್ಲಾ ನಿಜ ಕಣವ್ವಾ. ಈ ಒಲ, ಬಾವಿ, ಎಲ್ಲಾ ಆ ಗಣಿ ಸಂಬಳದಾಗೇ ಬಂದಿದ್ದು," ಎಂದು ಉಸಿರೆಳೆದುಕೊಂಡರು. "ನಷ್ಟ ಅಂದ್ಯಲ್ಲ, ಅದ್ರಾಗೆ ನಮ್ ಎದೆನೂ ಸೇರ್ಸವ್ರಾ?"

ಕೊನೆಯ ಹಾಳೆ ಹರಿದು, ಅವರನ್ನೇ ಕೇಳಿ ಕೇಳಿ ಹೊಸದಾಗಿ ಬರೆದೆ. ತಮ್ಮ ಜೊತೆ ಗಣಿಗಿಳಿದು, ಕೆಮ್ಮಿ ಕೆಮ್ಮಿಯೇ ಸತ್ತ ನಾಲ್ವರ ಹೆಸರು ಹೇಳಿದರು. ಬರೆದದ್ದನ್ನು ಎರಡು ಸಲ ಓದಿಸಿದರು. ಅರ್ಥಶಾಸ್ತ್ರವನ್ನು ನಾನು ಕಲಿತದ್ದು ಆ ಒಂದು ಮಧ್ಯಾಹ್ನದಲ್ಲಿ.

ಕೊನೆಯ ತಿಂಗಳುಗಳಲ್ಲಿ ಅವರಿಗೆ ಮಲಗಲಾಗುತ್ತಿರಲಿಲ್ಲ. ಗೋಡೆಗೊರಗಿ ಕೂತೇ ನಿದ್ದೆ ಮಾಡುತ್ತಿದ್ದರು. ಹಾಗೆ ಕೂತಲ್ಲೇ ಹೋದರು. ಮಣ್ಣಿಗಿಡಲು ನಾಲ್ಕು ಜನ ಎತ್ತಿ ಗುಂಡಿಗೆ ಇಳಿಸುವಾಗ, ಅಷ್ಟು ಹೊತ್ತೂ ಅಳದೆ ನಿಂತಿದ್ದ ಅಪ್ಪ, ಎತ್ತಿದವರಲ್ಲೊಬ್ಬನ ತೋಳು ಹಿಡಿದುಕೊಂಡರು.

"ವಸಿ ತಡೀರಪ್ಪಾ. ಮಲಗ್ಸಿದ್ರೆ ಅಣ್ಣಂಗೆ ಉಸ್ರು ಕಟ್ತೈತೆ."