ಪ್ಲಾಸ್ಟಿಕ್ ಗೇರಿನ ಚಿದಾನಂದ್

ಗಿರಿನಗರದ ಒಂದು ಪುಟ್ಟ ಬಾಡಿಗೆಮನೆಯಲ್ಲಿ ಒಬ್ಬರೇ ಇರುವ ಚಿದಾನಂದ್ ಪ್ರತಿ ಶನಿವಾರ ಜಯನಗರದ ನನ್ನ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಬರುವುದು, ತಾವು ಕಟ್ಟುವ ಆಟದ ರೋಬೋಟಿಗೆ ಅಗ್ಗದ ಗೇರ್ ಮೋಟಾರು ಹುಡುಕಿಕೊಂಡು. ಬನಶಂಕರಿಯಿಂದ ಅರೆಕೆರೆಯವರೆಗೆ ಅವರು ತಡಕದ ಗುಜರಿ ಅಂಗಡಿಯಿಲ್ಲ. ಬಿಚ್ಚಲು ಅವರು ಬರುತ್ತಾರೆಂದು ತಿಳಿದರೆ ಕೆಟ್ಟ ಪ್ರಿಂಟರೂ ಹೆದರಿ ಸರಿಹೋದೀತು. ಗೇರಿನ ಹಲ್ಲುಗಳನ್ನು ಉಗುರಿನಿಂದ ಮುಟ್ಟಿ ಎಣಿಸಿ, ರೇಟು ಕೇಳಿ, ಮತ್ತೆ ಮೊದಲಿನಿಂದ ಎಣಿಸುತ್ತಾರೆ. "ಪ್ಲಾಸ್ಟಿಕ್ ಗೇರೇ ಸಾಕು ಸಾರ್, ನನ್ನ ರೋಬೋಟೇನು ನಂದಿಬೆಟ್ಟ ಹತ್ಬೇಕಾ?" ಎನ್ನುವುದು ಅವರ ಖಾಯಂ ಮಾತು. ಕಳೆದ ವಾರ ಮನಸ್ಸು ತಡೆಯದೆ, ಒಳ್ಳೆಯ ಲೋಹದ ಗೇರಿನ ಮೋಟಾರನ್ನೇ ಪ್ಲಾಸ್ಟಿಕ್ಕಿನ ಬೆಲೆಗೆ ಕೊಟ್ಟೆ. ಸೋಮವಾರವೇ ವಾಪಸ್ಸು ತಂದರು. "ಕೆಟ್ಟೋಯ್ತಾ?" ಎಂದೆ. "ಇಲ್ಲ ಸಾರ್, ಸಖತ್ತಾಗಿ ಓಡುತ್ತೆ. ಆದ್ರೆ ಸದ್ದೇ ಬರಲ್ಲ," ಎಂದು ತಲೆ ತಗ್ಗಿಸಿದರು. "ಹಳೇ ಪ್ಲಾಸ್ಟಿಕ್ ಗೇರಿನ ಸದ್ದಿಗೆ, ನಾನು ಅಡುಗೆ ಮಾಡ್ತಿರುವಾಗ ಹಾಲ್‌ನಲ್ಲಿ ಯಾರೋ ಓಡಾಡ್ತಿರೋ ಹಾಗೆ ಕೇಳಿಸ್ತಿತ್ತು." ಪ್ಲಾಸ್ಟಿಕ್ ಗೇರಿನ ಮೋಟಾರುಗಳ ಡಬ್ಬ ತೆರೆದು, ಒಂದೊಂದಕ್ಕೂ ಬ್ಯಾಟರಿ ಮುಟ್ಟಿಸುತ್ತಾ, ಎಲ್ಲಕ್ಕಿಂತ ಹೆಚ್ಚು ಗರಗರ ಎನ್ನುವುದನ್ನು ಹುಡುಕತೊಡಗಿದೆ.