ಮಹಡಿಯ ಮೇಲಿನ ಸದ್ದಿಲ್ಲದ ಮಕ್ಕಳು

ನಾನು ವ್ಯಾಯಾಮ ಶಿಕ್ಷಕಿಯಾಗಿದ್ದವಳು. ನಿವೃತ್ತಿಯ ದಿನ ಸೀಟಿಯನ್ನು ಶಾಲೆಯಲ್ಲೇ ಬಿಟ್ಟು ಬಂದೆ, ಉಳಿದದ್ದೆಲ್ಲ ನನ್ನ ಜೊತೆ ಮನೆಗೆ ಬಂತು. ಯಡಿಯೂರಿನ ನಮ್ಮ ಮನೆಯಲ್ಲಿ ಚಪ್ಪಲಿಗಳು ಗೋಡೆಗೆ ಒತ್ತಿಕೊಂಡು ಸಾಲಾಗಿರಬೇಕು; ಮಧ್ಯಾಹ್ನ ಮಹಡಿಯ ಮೇಲೆ ಯಾರೂ ಧಡಧಡ ನಡೆಯಬಾರದು. ಬಾಡಿಗೆಗೆ ಬರುವವರಿಗೆ ಮೊದಲೇ ಹೇಳಿಬಿಡುತ್ತೇನೆ.

ಹೋದ ವರ್ಷ ಬಂದವರು ಗದಗಿನ ಕಡೆಯವರು. ಗಂಡ, ಹೆಂಡತಿ, ಎಂಟನೇ ಕ್ಲಾಸಿನ ಮಗಳು, ಅವಳ ಪುಟ್ಟ ತಂಗಿ. ಅಂಥ ಮಕ್ಕಳನ್ನು ನಾನು ಕಂಡಿರಲಿಲ್ಲ. ಮೆಟ್ಟಿಲಲ್ಲಿ ಹೆಜ್ಜೆಯ ಸದ್ದಿಲ್ಲ, ಅಳುವಿಲ್ಲ, ಬೂಟುಗಳು ನಾನು ಹೇಳಿದ್ದಕ್ಕಿಂತ ನೆಟ್ಟಗೆ. ಬೀದಿಯ ತುಂಬ ಹೊಗಳಿಕೊಂಡು ಓಡಾಡಿದೆ. ಒಂದು ದಿನ ಗೇಟಿನ ಹತ್ತಿರ ಅವರ ತಂದೆಯನ್ನೇ ನಿಲ್ಲಿಸಿದೆ.

“ಮಕ್ಳನ್ನ ಇಷ್ಟು ಶಿಸ್ತಾಗಿ ಹೇಗ್ರೀ ಬೆಳೆಸಿದ್ರಿ?”

“ಕೈ ಬಿಗಿ ಇರಬೇಕ್ರೀ ಮೇಡಂ. ಸಡ್ಲ ಬಿಟ್ರ ತಲಿ ಮ್ಯಾಲೆ ಕೂಡ್ತಾವ,” ಎಂದು ನಕ್ಕರು.

“ಹಾಗೇ ಇರ್ಬೇಕು. ಈಗ ನಿಮ್ಮಂಥೋರು ಎಲ್ಲಿ ಸಿಕ್ತಾರೆ?” ಎಂದೆ. ದೊಡ್ಡ ಹುಡುಗಿ ಪಕ್ಕದಲ್ಲೇ ನೆಲ ನೋಡುತ್ತಾ ನಿಂತಿದ್ದಳು.

ದೀಪಾವಳಿ ಕಳೆದ ಮೇಲೆ ಅವಳು ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು ಕೆಳಗೆ ಬಂದಳು. ಒಳಗೆ ಕರೆದು ಹಾಲು ಬಗ್ಗಿಸಿದೆ. ತಿರುಗುವಾಗ ನನ್ನ ಮೊಣಕೈ ತಗುಲಿ ಹಾಲಿನ ಸ್ಟೀಲ್ ಲೋಟ ನೆಲಕ್ಕೆ ಬಿದ್ದು ಠಣಠಣ ಉರುಳಿತು. ನೋಡಿದರೆ ಹುಡುಗಿ ಫ್ರಿಜ್ಜಿನ ಪಕ್ಕ ಮುದುಡಿ ಕುಳಿತು ಎರಡೂ ಕೈ ತಲೆಯ ಮೇಲಿಟ್ಟುಕೊಂಡಿದ್ದಳು.

“ನಾನ ಬೀಳ್ಸೀನ್ರಿ ಅಜ್ಜಿ, ನಾನ ಒರಸ್ತೀನಿ. ತಂಗೀದು ತಪ್ಪಿಲ್ರಿ.”

ತಂಗಿ ಅಲ್ಲಿ ಇರಲೇ ಇಲ್ಲ.

ನಾನು ಅವಳಿಂದ ತುಸು ದೂರದಲ್ಲಿ ನೆಲದ ಮೇಲೆ ಕುಳಿತೆ. “ಬೀಳಿಸಿದ್ದು ನಾನು ಕಣೇ. ಮನೇಲಿ ಹೊಡೀತಾರಾ?”

“ನಮಗಲ್ರಿ. ನಾವು ಸಪ್ಪಳ ಮಾಡಿದ್ರ ಅವ್ವಗ ಬೀಳ್ತಾವ.” ಕೈಗಳನ್ನು ತಲೆಯಿಂದ ಇಳಿಸಿ ಹೇಳಿದಳು: “ನಿಮಗ ಹೇಳಬೇಕಂತ ಮಾಡಿದ್ದೆ. ಅಪ್ಪ ಮಾಡೋದು ಬರೋಬ್ಬರಿ ಅಂದ್ರಲ್ರಿ ನೀವು, ಅದಕ್ಕ ಬಿಟ್ಟೆ.”

ಆಮೇಲೆ ಆ ಹಾಲನ್ನು ಒರೆಸುವಾಗ ನನಗೆ ಅವಳ ಕಡೆ ನೋಡಲಾಗಲಿಲ್ಲ. ಭಯವನ್ನು ಶಿಸ್ತು ಎಂದು ಕರೆದಿದ್ದೆ. ಹೊಡೆಯುವವನಿಗೆ ಶಭಾಷ್ ಎಂದಿದ್ದೆ, ಅದೂ ಮಗುವಿನ ಎದುರಿಗೆ.

“ಅಪ್ಪಗ ಹೇಳಬ್ಯಾಡ್ರಿ.”

“ಅಪ್ಪಂಗೆ ಹೇಳಲ್ಲ. ಆದ್ರೆ ಸಹಾಯ ಮಾಡೋರಿಗೆ ಹೇಳ್ಲೇಬೇಕು, ಪುಟ್ಟಿ. ಇದ್ರಲ್ಲಿ ನಿನ್ ತಪ್ಪೇನೂ ಇಲ್ಲ.”

ಮೇಲೆ ಹತ್ತಿ ಹೋಗಿ ಅವನನ್ನು ತರಾಟೆಗೆ ತೆಗೆದುಕೊಳ್ಳಬೇಕೆಂದು ಕಾಲು ತುಡಿಯುತ್ತಿತ್ತು. ಮೊದಲು ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದೆ; ಅಲ್ಲಿನ ಹೆಂಗಸು ತಡೆದರು: “ನೀವು ಬೈದು ಕೆಳಗೆ ಬರ್ತೀರಿ ಮೇಡಂ, ಅದರ ಪೆಟ್ಟು ತಾಯಿಗೆ ಬೀಳತ್ತೆ. ಮೊದ್ಲು ತಾಯಿ ಹತ್ರ ಮಾತಾಡಿ.” ಅವನು ಆಫೀಸಿಗೆ ಹೋದಾಗ ಟೆರೇಸಿನಲ್ಲಿ ಬಟ್ಟೆ ಒಣಹಾಕುತ್ತಿದ್ದ ಆಕೆಯ ಜೊತೆ ಮಾತಾಡಿದೆ. ಮೊದಲ ಸಲ ಆಕೆ “ಹಂಗೇನಿಲ್ರಿ” ಎಂದು ಬಕೆಟ್ಟು ಎತ್ತಿಕೊಂಡು ಹೋದಳು. ಯಾಕೆ ನಂಬಬೇಕು ನನ್ನನ್ನು? ಮತ್ತೆ ಹೋದೆ, ಮತ್ತೆ ಮತ್ತೆ ಹೋದೆ. ಕೊನೆಗೆ ಆಕೆ ಸಹಾಯವಾಣಿಯವರ ನೆರವಿನಿಂದ ಮಕ್ಕಳನ್ನು ಕರೆದುಕೊಂಡು ಗಿರಿನಗರದ ಅಕ್ಕನ ಮನೆ ಸೇರಿದಳು. ಅವನಿಂದ ಮನೆ ಖಾಲಿ ಮಾಡಿಸಿದೆ.

ಈಗ ತಾಯಿ ಕೆಲಸಕ್ಕೆ ಹೋಗುವ ಶನಿವಾರಗಳಲ್ಲಿ ಮಕ್ಕಳು ನನ್ನ ಬಳಿ ಇರುತ್ತಾರೆ. ಕಳೆದ ವಾರ ಚಿಕ್ಕವಳು ಖಾಲಿ ಮಹಡಿಯ ಮೆಟ್ಟಿಲ ಮೇಲೆ ಧಡಧಡ ಓಡಿದಳು. “ಶ್!” ಎಂದುಬಿಟ್ಟಿತು ನನ್ನ ಬಾಯಿ. ಇಬ್ಬರೂ ನಿಂತಲ್ಲೇ ನಿಂತರು. ದೊಡ್ಡವಳು ಬಗ್ಗಿ ತಂಗಿಯ ಚಪ್ಪಲಿಯನ್ನು ಗೋಡೆಗೆ ಒತ್ತಿ ನೆಟ್ಟಗಿಟ್ಟಳು.

“ತಪ್ಪಾಯ್ತು ಕಣೇ. ಓಡು, ಇನ್ನೊಂದ್ ಸಲ ಓಡು,” ಎಂದೆ.

ಚಿಕ್ಕವಳು ಅಪ್ಪಣೆಗಾಗಿ ಅಕ್ಕನ ಮುಖ ನೋಡಿದಳು. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು, ಇನ್ನೂ ತಲೆಯಾಡಿಸಿರಲಿಲ್ಲ.